ಸೆನ್ಸರ್ ಹೆಚ್ಚಿದಷ್ಟೂ ಬ್ರಾಡ್‌ಕಾಸ್ಟ್ ಸಂದೇಶ ಯಾಕೆ ಕಳೆದುಹೋಗುತ್ತದೆ?

ನಿಮ್ಮ ಪ್ರಶ್ನೆ ಇಷ್ಟು: ಮಂಡ್ಯದ ಹತ್ತಿರ ಕಬ್ಬಿನ ಗದ್ದೆಯಲ್ಲಿ 20 ತೇವಾಂಶ ಸೆನ್ಸರ್‌ಗಳಿವೆ. ಎಲ್ಲವೂ ಒಂದೇ ಚಾನೆಲ್‌ನಲ್ಲಿ (ಒಂದೇ ರೇಡಿಯೋ ದಾರಿಯಲ್ಲಿ) ತೋಚಿದಾಗ ಬ್ರಾಡ್‌ಕಾಸ್ಟ್ ಮಾಡುತ್ತವೆ, ಅಂದರೆ ಒಬ್ಬರಿಗೆ ಅಂತಲ್ಲದೆ ಎಲ್ಲರಿಗೂ ಕೇಳುವಂತೆ ಕಳಿಸುತ್ತವೆ. ಸುಮಾರು ಸಂದೇಶಗಳು ತಲುಪುತ್ತಿಲ್ಲ.

ಸೆನ್ಸರ್ ಕೆಟ್ಟಿರಲಿಕ್ಕಿಲ್ಲ. 1970ರ ದಶಕದ ಆರಂಭದಲ್ಲಿ ಹವಾಯಿ ವಿಶ್ವವಿದ್ಯಾಲಯದಲ್ಲಿ ಬಂದ, ತೋಚಿದಾಗ ಕಳಿಸುವ ಅಲೋಹಾ ವಿಧಾನವೇ ಇದು. ಎರಡು ಸಂದೇಶ ಒಟ್ಟಿಗೆ ಬಂದರೆ ಸಾಮಾನ್ಯವಾಗಿ ಎರಡೂ ಹಾಳು. ತುಂಬಾ ಸೆನ್ಸರ್‌ಗಳಿದ್ದರೆ, ಎಷ್ಟೇ ಹೊಂದಿಸಿದರೂ ಚಾನೆಲ್‌ನ ಸಮಯದಲ್ಲಿ ಉಪಯೋಗಕ್ಕೆ ಬರುವುದು ಸುಮಾರು 18.4% ಮಾತ್ರ. ಕಾಲವನ್ನು ಸಮ ಸ್ಲಾಟ್‌ಗಳಾಗಿ ಕತ್ತರಿಸಿ, ಸ್ಲಾಟ್ ಶುರುವಾದಾಗಲೇ ಕಳಿಸಿದರೆ ಅದು ದುಪ್ಪಟ್ಟಾಗಿ 36.8% ಆಗುತ್ತದೆ.

ನಿಮ್ಮ 20 ಸೆನ್ಸರ್‌ಗಳನ್ನೇ ಸ್ಲಾಟ್ ಲೆಕ್ಕದಲ್ಲಿ ನೋಡಿ. ಪ್ರತಿಯೊಂದೂ ಒಂದು ಸ್ಲಾಟ್‌ನಲ್ಲಿ ಕಳಿಸುವ ಸಾಧ್ಯತೆ 5% ಇದ್ದರೆ, ಸುಮಾರು 38% ಸ್ಲಾಟ್‌ಗಳಲ್ಲಿ ಸಂದೇಶ ದಾಟುತ್ತದೆ (ಸೆನ್ಸರ್ ಇಪ್ಪತ್ತೇ ಆದ್ದರಿಂದ 36.8ಕ್ಕಿಂತ ತುಸು ಹೆಚ್ಚು). 10% ಮಾಡಿ, 27ಕ್ಕೆ ಇಳಿಯುತ್ತದೆ. 20% ಮಾಡಿದರೆ ಬರೀ 6ರ ಆಸುಪಾಸು! ಜಾಸ್ತಿ ಕೂಗಿದಷ್ಟೂ ಕಡಿಮೆ ಕೇಳಿಸುತ್ತದೆ.

ಬ್ರಾಡ್‌ಕಾಸ್ಟ್‌ನಲ್ಲಿ ಇನ್ನೊಂದು ತೊಂದರೆ, ನನ್ನ ಪ್ರಕಾರ ಇದೇ ದೊಡ್ಡದು. ‘ಸಿಕ್ಕಿತು’ ಅಂತ ಯಾರೂ ಉತ್ತರ ಕೊಡುವುದಿಲ್ಲ. ವೈಫೈನಲ್ಲೂ ಸಾಮಾನ್ಯವಾಗಿ ಹಾಗೇ. ಹಾಗಾಗಿ ಡಿಕ್ಕಿಯಾದದ್ದು ಕಳಿಸಿದವನಿಗೆ ಗೊತ್ತೇ ಆಗುವುದಿಲ್ಲ, ಮತ್ತೆ ಕಳಿಸುವುದೂ ಇಲ್ಲ. ಮೊದಲು ಚಾನೆಲ್ ಆಲಿಸಿ ಕಳಿಸುವುದು ಒಳ್ಳೆಯದೇ. ಆದರೆ ಬೆಳೆದ ಕಬ್ಬಿನ ನೀರು ತುಂಬಿದ ಎಲೆಗಳು ವೈಫೈ ಬಳಸುವಂಥ 2.4 ಗಿಗಾಹರ್ಟ್ಸ್ ರೇಡಿಯೋ ಅಲೆಯನ್ನು ಚೆನ್ನಾಗಿ ಹೀರುತ್ತವೆ. ಗದ್ದೆಯ ಆ ತುದಿಯ ಸೆನ್ಸರ್ ಈ ತುದಿಗೆ ಕೇಳಿಸದೆ, ಮಧ್ಯದ ರಿಸೀವರ್ ಬಳಿ ಡಿಕ್ಕಿಯಾಗಬಹುದು.

ಮೊದಲು ಎಷ್ಟು ಸಲ ಕಳಿಸುತ್ತವೆ ಅನ್ನುವುದನ್ನು ತಗ್ಗಿಸಿ. ಮಣ್ಣಿನ ತೇವ ನಿಮಿಷಕ್ಕೊಮ್ಮೆ ಬದಲಾಗುವುದಿಲ್ಲ ಅಲ್ವಾ? ಆಮೇಲೆ ಬೇಕಿದ್ದರೆ ಒಂದೊಂದು ರೀಡಿಂಗನ್ನೂ ಬೇರೆ ಬೇರೆ ಹೊತ್ತಿನಲ್ಲಿ ಎರಡು ಸಲ ಕಳಿಸಿ.