ಮೈಸೂರಿನಿಂದ ಹೊರಟಿರುವ ತಂಗಿಗೆ

ತಂಗಿ, ಕೆನಡಾದಲ್ಲಿ ನಿರಾಶ್ರಿತರಿಗೆ ಎಲ್ಲ ಪುಕ್ಕಟೆಯಂತೆ, ಲಕ್ಷಗಟ್ಟಲೆ ಸುರಿದು ಬರೋ ನಮ್ಮನ್ನ ಅಲ್ಲಿಯವರು ತಮ್ಮವರು ಅಂತಾರಾ ಅಂತ ಕೇಳಿದ್ದೀಯ. ನಾನು ಮಂಡ್ಯದವನು, ಈಗ ವಿನ್ನಿಪೆಗ್ಗೇ ಊರು. ಪುಕ್ಕಟೆ ಅನ್ನೋ ಮಾತನ್ನ ನಂಬಬೇಡ. ಸರ್ಕಾರ ಕರೆಸಿಕೊಂಡವರಿಗೆ ಸಾಮಾನ್ಯವಾಗಿ ಒಂದು ವರ್ಷದವರೆಗೆ ಖರ್ಚಿಗೆ ಕೊಡ್ತಾರೆ. ಬಾಡಿಗೆ ಕಟ್ಟಿದರೆ ಹೆಚ್ಚೇನೂ ಉಳಿಯಲ್ಲ. ವಿಮಾನದ ಚಾರ್ಜು ಬಹಳ ಮಂದಿಗೆ ಸಾಲ, ಕಂತು ಕಟ್ಟಿ ತೀರಿಸ್ತಾರೆ. 2018ರಿಂದ ಬಡ್ಡಿ ಇಲ್ಲ, ಅಷ್ಟೆ.

ಸಾಮಾನ್ಯ ಜನರೇ ಗುಂಪು ಕಟ್ಟಿಕೊಂಡು ಒಂದು ಕುಟುಂಬದ ಹೊಣೆ ಹೊರೋ ಏರ್ಪಾಡೂ ಇದೆ. ವರ್ಷವಿಡೀ ಬಾಡಿಗೆ, ದಿನಸಿ, ಚಳಿಯ ಬಟ್ಟೆ, ಮಕ್ಕಳ ಸ್ಕೂಲು, ಡಾಕ್ಟರ ಹತ್ತಿರ ಓಡಾಟ ಎಲ್ಲ ಆ ಗುಂಪಿನದೇ. 1979-80ರಲ್ಲಿ ವಿಯೆಟ್ನಾಂ, ಕಾಂಬೋಡಿಯ, ಲಾವೋಸ್ ಕಡೆಯಿಂದ ಬಂದ ಸುಮಾರು 60,000 ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹೀಗೇ ನೆಲೆ ಕಂಡರು. ನಾವೂ ಸಿರಿಯಾದ ಒಂದು ಕುಟುಂಬಕ್ಕೆ ನಿಂತೆವು. ಗುಂಪಿನಲ್ಲಿ ಕನ್ನಡದವನು ನಾನೊಬ್ಬನೇ. ಅವರ ಮಕ್ಕಳ ಸ್ಕೂಲಿನ ಅರ್ಜಿ ತುಂಬಿಸ್ತಾ, ಮೈನಸ್ ಮೂವತ್ತರ ಚಳೀಲಿ ಹಾಸಿಗೆ ಹೊತ್ತು ಮೆಟ್ಟಿಲು ಹತ್ತುತ್ತಾ ಈ ಊರು ನಂದು ಅನ್ನಿಸ್ತು. ಅದಕ್ಕೆ ಮುಂಚೆ ಅನ್ನಿಸಿರಲಿಲ್ಲ. ಕನ್ನಡ ಸಂಘದ ರಾಜ್ಯೋತ್ಸವಕ್ಕೂ ಹೋಗು, ಬಿಡಬೇಡ; ಆದರೆ ಅಲ್ಲೇ ಉಳಿದುಬಿಡಬೇಡ.

ಪಿರಿಯಾಪಟ್ಟಣ ದಾಟಿದ ಮೇಲೆ ಬೈಲಕುಪ್ಪೆ ನೋಡಿದ್ದೀಯಲ್ಲ? 1960ರ ದಶಕದ ಶುರುವಿನಲ್ಲಿ ಅಂದಿನ ಮೈಸೂರು ರಾಜ್ಯ ಸುಮಾರು 3,000 ಎಕರೆ ಕೊಟ್ಟಿತು, ಟಿಬೆಟಿನವರು ಕಾಡು ಸವರಿ ಮುಸುಕಿನ ಜೋಳ ಬೆಳೆದರು. ನೆಲ ಕೊಟ್ಟಿದ್ದು ದೊಡ್ಡದೇ. ಆದರೂ ಅಲ್ಲಿ ಎಷ್ಟೋ ಜನ ಇವತ್ತಿಗೂ ಭಾರತದ ಪ್ರಜೆಗಳಲ್ಲ, ನೋಂದಣಿ ಪತ್ರ ನವೀಕರಿಸಿಕೊಂಡೇ ಬದುಕ್ತಿದ್ದಾರೆ. ಇಲ್ಲಿ ಕೆನಡಾದಲ್ಲಿ ಪಿಆರ್, ಅಂದರೆ ಕಾಯಂ ನಿವಾಸದ ಹಕ್ಕು, ಸಿಕ್ಕ ಮೇಲೆ ನಿನಗೂ, ನಿರಾಶ್ರಿತರ ಶಿಬಿರದಿಂದ ಬಂದವಳಿಗೂ ಲೆಕ್ಕ ಒಂದೇ: ಐದು ವರ್ಷದಲ್ಲಿ 1,095 ದಿನ ಇದ್ದರೆ ಪೌರತ್ವಕ್ಕೆ ಅರ್ಜಿ ಹಾಕಬಹುದು. ಈ ದೇಶದಲ್ಲಿ ನಾನು ಬಹಳ ಗೌರವಿಸೋದು ಇದನ್ನೇ.

ಮೊದಲಿಂದ ಹೀಗಿರಲಿಲ್ಲ. 1914ರಲ್ಲಿ ಕೋಮಗಾಟ ಮಾರು ಹಡಗಿನಲ್ಲಿ ಬಂದ 376 ಭಾರತೀಯರಲ್ಲಿ ಹೆಚ್ಚಿನವರನ್ನ ವ್ಯಾಂಕೂವರ್ ಬಂದರಿನಿಂದಲೇ ವಾಪಸ್ ಅಟ್ಟಿದ್ದರು. ಈ ನೆಲವೂ ಖಾಲಿ ಬಿದ್ದಿರಲಿಲ್ಲ. ವಿನ್ನಿಪೆಗ್ ಇರೋದು 1871ರಲ್ಲಿ ಮೂಲನಿವಾಸಿಗಳ ಜೊತೆ ಮಾಡಿಕೊಂಡ ಒಪ್ಪಂದದ ಜಾಗದಲ್ಲಿ. ಆಮೇಲೆ ಅವರ ಮಕ್ಕಳನ್ನೇ ಮನೆಯಿಂದ ಕಿತ್ತು ವಸತಿಶಾಲೆಗಳಿಗೆ ತುಂಬಿದರು. ಆ ಚರಿತ್ರೆಯನ್ನ ಪೌರತ್ವ ಪರೀಕ್ಷೆ ಬರಲಿ ಅಂತ ಕಾಯದೆ ಓದು.

ಚಳಿಯ ಕೋಟು ಅಲ್ಲಿಂದ ತರಬೇಡ, ಇಲ್ಲೇ ತಗೊಳ್ಳೋಣ. ನಿರಾಶ್ರಿತ ಕುಟುಂಬದ ಹೊಣೆ ಪತ್ರಕ್ಕೆ ಸಹಿ ಹಾಕೋಕೆ ಪಿಆರ್ ಆದರೂ ಬೇಕು. ಬಂದವರ ಮಕ್ಕಳಿಗೆ ಲೆಕ್ಕ ಹೇಳಿಕೊಡೋಕೆ ಏನೂ ಬೇಡ. ಬಂದ ವಾರವೇ ಬಾ.