ದಶಮಾಂಶ ತಪ್ಪಲಿಲ್ಲ, ಸಂಬಳ ತಪ್ಪಿತು: ಒಂದು ಆಪ್ತಸಲಹೆ ಪ್ರಕರಣ

ಕರಾವಳಿಯ ಒಂದು ಸಣ್ಣ ಪೇಟೆಯಲ್ಲಿ ಗಂಡ ಹೆಂಡತಿ ಸೇರಿ ನಡೆಸುವ ಬೇಕರಿ. ಬ್ರೆಡ್, ಬನ್, ರಸ್ಕ್, ಖಾರ ಬಿಸ್ಕತ್ತು ದಿನದ ವ್ಯಾಪಾರ. ಡಿಸೆಂಬರಿನಲ್ಲಿ ಕೇಕು ಮತ್ತು ಕುಸ್ವಾರ್ ಎಂಬ ಕ್ರಿಸ್ಮಸ್ ತಿಂಡಿಗಳು. ನಾಲ್ಕು ಜನ ಕೆಲಸಗಾರರು. ಗುರುತು ಸಿಗದಂತೆ ಊರು, ಕುಟುಂಬದ ವಿವರ, ಹಣದ ಅಂಕಿ ಎಲ್ಲವನ್ನೂ ಬದಲಿಸಿದ್ದೇನೆ. ಬರೆಯಲು ಇಬ್ಬರ ಒಪ್ಪಿಗೆಯೂ ಇದೆ.

ಮೊದಲು ಫೋನ್ ಮಾಡಿದ್ದು ಹೆಂಡತಿ. "ಕ್ರಿಸ್ಮಸ್ ಮುಗಿದಾಗಿನಿಂದ ಇವರಿಗೆ ನಿದ್ದೆ ಇಲ್ಲ. ರಾತ್ರಿ ಎದ್ದು ಕೂತು ಬೈಬಲ್ ಓದುತ್ತಾರೆ, ಅಳುತ್ತಾರೆ. ನಾನು ಏನು ಕೇಳಿದರೂ ಸಿಟ್ಟು" ಎಂದರು. ಎದೆ ಬಿಗಿದ ಹಾಗೆ ಆಗುತ್ತದೆ ಎಂಬ ಮಾತೂ ಬಂತು. ಹಾಗಾಗಿ ಮೊದಲು ಡಾಕ್ಟರಿಗೆ ತೋರಿಸಿ ಬನ್ನಿ ಎಂದೆ. ಬಿಪಿ ಸ್ವಲ್ಪ ಜಾಸ್ತಿ ಇತ್ತು, ಹೃದಯಕ್ಕೆ ತೊಂದರೆ ಇರಲಿಲ್ಲ. ಆಮೇಲೆ ಇಬ್ಬರೂ ಒಟ್ಟಿಗೆ ಬಂದರು.

ಯಜಮಾನರ ಮೊದಲ ಮಾತೇ ಒಂದು ದೂರು. ದೂರು ದೇವರ ಮೇಲೆ. "ಮೇಡಂ, ನಾನು ಯಾರಿಗೂ ಲಂಚ ಕೊಡಲಿಲ್ಲ. ಭಾನುವಾರ ಬಾಗಿಲು ತೆರೆಯಲಿಲ್ಲ. ಹಳಸಿದ ಮಾಲನ್ನು ಹೊಸದರ ಜೊತೆ ಸೇರಿಸಲಿಲ್ಲ. ದಶಮಾಂಶ ಒಂದು ತಿಂಗಳೂ ತಪ್ಪಲಿಲ್ಲ. ಆದರೂ ದೇವರು ಯಾಕೆ ಕೈಬಿಟ್ಟರು?"

ದಶಮಾಂಶ ಅಂದರೆ ಆದಾಯದ ಹತ್ತನೇ ಒಂದು ಪಾಲನ್ನು ದೇವರ ಪಾಲೆಂದು ಸಭೆಗೆ, ಅಂದರೆ ಚರ್ಚಿಗೆ, ಕೊಡುವ ಕಾಣಿಕೆ. ಈ ಪ್ರಶ್ನೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಭಾನುವಾರ ಬೇಕರಿಗೆ ಒಳ್ಳೆಯ ವ್ಯಾಪಾರದ ದಿನ. ಆ ದಿನ ಬಾಗಿಲು ಹಾಕುವುದು ಸಣ್ಣ ತ್ಯಾಗ ಅಲ್ಲ. ದುಡಿಮೆಯನ್ನೂ ನಂಬಿಕೆಯನ್ನೂ ಬೇರೆ ಮಾಡಿ ನೋಡದ ಮನೆತನ ಅವರದ್ದು. ಅಜ್ಜ ಹೆಂಚಿನ ಕಾರ್ಖಾನೆಯಲ್ಲಿ ದುಡಿದವರು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆ, ಸಭೆಗೆ ಸೇರಿದ ಜನರಿಗೆ ಹೊಟ್ಟೆಪಾಡು ಬೇಕೆಂದು ನೇಯ್ಗೆ ಶುರು ಮಾಡಿತು. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಕಟ್ಟಿತು. ಆ ಕತೆಗಳನ್ನು ಕೇಳುತ್ತಾ ಬೆಳೆದವರು ಇವರು. "ಕ್ರೈಸ್ತನ ಅಂಗಡಿ ಅಂದರೆ ಜನ ಕಣ್ಣು ಮುಚ್ಚಿ ಬರಬೇಕು" ಎಂಬುದು ಅವರ ತಂದೆಯ ಮಾತಂತೆ.

ಹಾಗಾದರೆ ಕ್ರಿಸ್ಮಸ್ ಹೊತ್ತಿಗೆ ಏನಾಯಿತು? ಭಟ್ಟಿ ನೋಡಿಕೊಳ್ಳುತ್ತಿದ್ದ ಹಿರಿಯ ಕೆಲಸಗಾರ ಬಿಟ್ಟು ಹೋದರು. ಹತ್ತು ವರ್ಷಕ್ಕೂ ಮೀರಿ ಜೊತೆಗಿದ್ದವರು. ಎರಡು ತಿಂಗಳ ಸಂಬಳ ಬಾಕಿ ಇತ್ತು. ಡಿಸೆಂಬರ್ ಪೂರ್ತಿ ರಾತ್ರಿ ನಿದ್ದೆಗೆಟ್ಟು ಕೇಕು ಬೇಯಿಸಿದ್ದರು. ಹಬ್ಬ ಮುಗಿದ ಮೇಲೆ ಹಣ ಕೇಳಿದಾಗ ಯಜಮಾನರು, "ದೇವರು ಒದಗಿಸುತ್ತಾರೆ, ಸ್ವಲ್ಪ ತಾಳಿ" ಎಂದರು. ಅದೇ ವಾರ ಯಜಮಾನರು ಸಭೆಯ ಕಟ್ಟಡಕ್ಕೆ ಕೊಟ್ಟ ದೊಡ್ಡ ಕಾಣಿಕೆಯ ಸುದ್ದಿ ಗಿರಾಕಿಯೊಬ್ಬರ ಬಾಯಿಂದ ಆ ಕೆಲಸಗಾರರ ಕಿವಿಗೆ ಬಿತ್ತು. ಮರುದಿನದಿಂದ ಅವರು ಬರಲಿಲ್ಲ. ಬಾಕಿ ಕೇಳಲೂ ಬರಲಿಲ್ಲ.

ಇದನ್ನು ಹೇಳುವಾಗ ಯಜಮಾನರಿಗೆ ಅದು ಕೆಲಸಗಾರರ ಕೃತಘ್ನತೆಯಾಗಿ ಕಂಡಿತ್ತು. ಹೆಂಡತಿ ಸುಮ್ಮನೆ ಕೂತಿದ್ದರು. ಅವರೊಬ್ಬರೇ ಇದ್ದಾಗ ಕೇಳಿದೆ. ಉಳಿದ ಮೂವರಿಗೆ ಹಬ್ಬದ ಹಣ ಕೊಡಲು ತನ್ನ ಸರವನ್ನು ಸೊಸೈಟಿಯಲ್ಲಿ ಅಡ ಇಟ್ಟಿದ್ದರು. ಗಂಡನಿಗೆ ಹೇಳಿರಲಿಲ್ಲ. "ಹೇಳಿದರೆ ನಿನಗೆ ವಿಶ್ವಾಸ ಇಲ್ಲ ಅನ್ನುತ್ತಾರೆ" ಎಂದರು. ಈ ಮಾತು ನನ್ನನ್ನು ಬಹಳ ನೋಯಿಸಿತು. ಲೆಕ್ಕ ಕೇಳುವುದೇ ಅವಿಶ್ವಾಸ ಆಗಿಬಿಟ್ಟ ಮನೆ ಅದು.

ಹಾಗಾಗಿ ಮುಂದಿನ ಸಲ ಬರುವಾಗ ಒಂದು ದಿನದ ಪೂರ್ತಿ ಲೆಕ್ಕ ಬರೆದು ತರಲು ಹೇಳಿದೆ. ಅಂಕಿಗಳನ್ನು ಬದಲಿಸಿದ್ದೇನೆ, ಪ್ರಮಾಣ ಹೆಚ್ಚು ಕಡಿಮೆ ಅದೇ. ಗಲ್ಲಕ್ಕೆ, ಅಂದರೆ ಹಣದ ಪೆಟ್ಟಿಗೆಗೆ, ಬಂದದ್ದು 12,000 ರೂಪಾಯಿ. ಮೈದಾ, ಸಕ್ಕರೆ, ಡಾಲ್ಡಾ, ಮೊಟ್ಟೆ, ಈಸ್ಟ್, ಪ್ಯಾಕಿಂಗ್ ಸೇರಿ 6,500. ಕೆಲಸಗಾರರ ಕೂಲಿ 2,600. ಗ್ಯಾಸ್ ಮತ್ತು ಕರೆಂಟಿಗೆ 900, ಬಾಡಿಗೆಗೆ 500, ವಾಪಸ್ ಬಂದ ಮಾಲಿಗೆ 300. ಉಳಿದದ್ದು 1,200.

"ದಶಮಾಂಶ ಯಾವುದರ ಮೇಲೆ ತೆಗೆಯುತ್ತೀರಿ?" ಎಂದು ಕೇಳಿದೆ.

"ಗಲ್ಲಕ್ಕೆ ಬಂದದ್ದರ ಮೇಲೆ. ದೇವರ ಪಾಲು ಮೊದಲು ಅಲ್ವಾ?"

12,000ದ ಹತ್ತನೇ ಒಂದು ಪಾಲು 1,200. ಉಳಿದದ್ದೂ 1,200. ಮನೆಯ ಅಕ್ಕಿ, ಮಕ್ಕಳ ಫೀಸು, ಅವರ ತಾಯಿಯ ಔಷಧಿ, ಇದಕ್ಕೆಲ್ಲ ಏನೂ ಉಳಿಯುತ್ತಿರಲಿಲ್ಲ. ಆ ಖರ್ಚು ಸಂಬಳದ ಹಣದಿಂದಲೇ ಹೋಗುತ್ತಿತ್ತು. ಹೆಂಡತಿ ಕಾಗದದ ಮೇಲೆ ಬೆರಳಿಟ್ಟು ತೋರಿಸಿದರು. ಯಜಮಾನರು ತುಂಬ ಹೊತ್ತು ಅದನ್ನೇ ನೋಡಿದರು.

ನಾನು ಸಭಾಪಾಲಕಿ ಅಲ್ಲ. ಧರ್ಮೋಪದೇಶ ಮಾಡುವುದು ನನ್ನ ಕೆಲಸವೂ ಅಲ್ಲ. ಆದರೆ ಒಬ್ಬರ ಸಂಕಟ ಒಂದು ವಾಕ್ಯದ ಸುತ್ತ ಗಂಟು ಬಿದ್ದಿದ್ದರೆ ಆ ವಾಕ್ಯವನ್ನು ಬಿಟ್ಟು ಸಲಹೆ ಕೊಡಲು ಆಗುವುದಿಲ್ಲ. ಯಾವ ವಾಕ್ಯ ಹಿಡಿದು ಹೀಗೆ ಕೊಡುತ್ತಿದ್ದೀರಿ ಎಂದು ಕೇಳಿದೆ. ಬೈಬಲಿನಲ್ಲಿ ಮಲಾಕಿಯ ಗ್ರಂಥದ 3ನೇ ಅಧ್ಯಾಯದ 10ನೇ ವಚನ ಎಂದರು. ದಶಮಾಂಶವನ್ನು ಪೂರ್ತಿಯಾಗಿ ತನ್ನಿ, ಆಶೀರ್ವಾದ ಸುರಿಯುತ್ತೇನೋ ಇಲ್ಲವೋ ನೋಡಿ ಎಂದು ದೇವರು ಹೇಳುವ ವಚನ. ವ್ಯಾಪಾರ ಇಳಿದಾಗಲೆಲ್ಲ ಅವರು ಕಾಣಿಕೆಯನ್ನು ಇನ್ನೂ ಹೆಚ್ಚಿಸುತ್ತಾ ಬಂದಿದ್ದರು. ಕೊಟ್ಟರೆ ನೂರು ಪಟ್ಟು ಬರುತ್ತದೆ ಎಂದು ಒಂದು ಪ್ರಾರ್ಥನಾ ಕೂಟದಲ್ಲಿ ಕೇಳಿದ್ದರಂತೆ. ಇಂಥ ಬೋಧನೆಯ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟ. ಸಾಲದಲ್ಲಿರುವ ಮನುಷ್ಯನಿಗೆ ಹೀಗೆ ಹೇಳುವುದು ಕ್ರೌರ್ಯ. ಅದು ನಂಬಿಕೆಯನ್ನು ಲಾಟರಿಯ ಮಟ್ಟಕ್ಕೆ ಇಳಿಸುತ್ತದೆ.

ಅದೇ ಅಧ್ಯಾಯವನ್ನು 5ನೇ ವಚನದಿಂದ ಓದಿ ಎಂದೆ. ಹೆಂಡತಿಯೇ ಓದಿದರು. ಅಲ್ಲಿ ದೇವರು ಯಾರ ಮೇಲೆ ನ್ಯಾಯತೀರ್ಪಿಗೆ ಬರುತ್ತೇನೆ ಎನ್ನುತ್ತಾರೆ? ಸುಳ್ಳು ಸಾಕ್ಷಿ ಹೇಳುವವರು, ವಿಧವೆಯರನ್ನು ಬಾಧಿಸುವವರು. ಅವರ ಜೊತೆಗೇ, ಕೂಲಿಯವನಿಗೆ ಕೂಲಿಯಲ್ಲಿ ಅನ್ಯಾಯ ಮಾಡುವವರು. ದಶಮಾಂಶದ ಮಾತು ಬರುವುದು ಇದಾದ ಮೇಲೆ. ಒಂದೇ ಪುಟ. ಯಜಮಾನರು ಅಷ್ಟು ವರ್ಷ ಆ ಪುಟದ ಕೆಳಗಿನ ಅರ್ಧವನ್ನಷ್ಟೇ ಓದಿದ್ದರು. ಯಾಜಕಕಾಂಡ 19ರಲ್ಲಿ ಕೂಲಿಯವನ ಕೂಲಿ ಮರುದಿನ ಬೆಳಗಿನ ತನಕ ನಿನ್ನ ಹತ್ತಿರ ಇರಬಾರದು ಎಂದಿದೆ. ಯಾಕೋಬನ ಪತ್ರಿಕೆಯಲ್ಲಿ ತಡೆಹಿಡಿದ ಕೂಲಿಯೇ ಕೂಗುತ್ತದೆ. ಇವೆಲ್ಲ ಅವರಿಗೆ ಗೊತ್ತಿದ್ದ ವಚನಗಳೇ. ಅವು ದೊಡ್ಡ ಜಮೀನ್ದಾರರಿಗೆ ಹೇಳಿದವು, ತನ್ನಂಥ ಸಣ್ಣ ಅಂಗಡಿಯವನಿಗಲ್ಲ ಎಂದುಕೊಂಡಿದ್ದರು.

ಅವರು ಅತ್ತರು. ಅಳಲು ಬಿಟ್ಟೆ. ಆಮೇಲೆ ಕೆಲಸದ ಮಾತಿಗೆ ಬಂದೆವು.

ಮೊದಲ ಸಲಹೆ ದಶಮಾಂಶದ ಬಗ್ಗೆ. ಬೈಬಲಿನಲ್ಲಿ ದಶಮಾಂಶ ಕೇಳಿದ್ದು ಹೊಲದ, ಮಂದೆಯ ಹುಟ್ಟುವಳಿಯಲ್ಲಿ. ಅಂಗಡಿಗೆ ಹುಟ್ಟುವಳಿ ಅಂದರೆ ಲಾಭ. ಮೈದಾದ ಹಣ ಮೈದಾ ಕೊಟ್ಟವರದ್ದು, ಕೂಲಿಯ ಹಣ ಕೆಲಸಗಾರರದ್ದು. ಇವು ನಿಮ್ಮ ಗಲ್ಲದ ಮೂಲಕ ಹಾದು ಹೋಗುತ್ತವೆ ಅಷ್ಟೇ. ಇನ್ನೊಬ್ಬರ ಹಣದಿಂದ ದೇವರಿಗೆ ಕಾಣಿಕೆ ಕೊಡಬಾರದು ಎಂದೆ. 1,200ರ ಹತ್ತನೇ ಪಾಲು 120. "ದಿನಕ್ಕೆ ಬರೀ 120 ರೂಪಾಯಿಯಾ?" ಎಂದು ಕೇಳಿದರು. ಅವರ ಮುಖದಲ್ಲಿ ನಾಚಿಕೆ ಇತ್ತು. ಸಭೆಯಲ್ಲಿ ದೊಡ್ಡ ಕೊಡುಗೈ ಎಂಬ ಹೆಸರು ಹೋಗುತ್ತದಲ್ಲ ಎಂಬ ಭಯವೂ ಇತ್ತು. ಆ ಭಯದ ಬಗ್ಗೆಯೇ ನಾವು ಆ ದಿನ ಜಾಸ್ತಿ ಹೊತ್ತು ಮಾತಾಡಿದ್ದು.

ಬಾಕಿ ಸಂಬಳ ಪೂರ್ತಿ ತೀರುವ ತನಕ ಆ 120 ಕೂಡ ಬಾಕಿಗೇ ಹೋಗಲಿ ಎಂದೆ. ಅವರು ಹಿಂಜರಿದರು. ನಿಮ್ಮ ಅಯ್ಯನವರನ್ನು, ಅಂದರೆ ಸಭೆಯ ಪಾದ್ರಿಯನ್ನು, ಕೇಳಿ ಬನ್ನಿ ಎಂದೆ. ಅಯ್ಯನವರು ಮತ್ತಾಯನ ಸುವಾರ್ತೆಯ 5ನೇ ಅಧ್ಯಾಯ ತೆಗೆದು ತೋರಿಸಿದರಂತೆ. ಸಹೋದರನಿಗೆ ನಿನ್ನ ಮೇಲೆ ಏನಾದರೂ ದೂರು ಇದ್ದರೆ, ಕಾಣಿಕೆಯನ್ನು ಯಜ್ಞವೇದಿಯ ಮುಂದೆ ಬಿಟ್ಟು ಮೊದಲು ಹೋಗಿ ಸರಿಮಾಡಿಕೋ ಎಂಬ ಮಾತು. ಅಲ್ಲಿಗೆ ಹಿಂಜರಿಕೆ ಮುಗಿಯಿತು.

ಎರಡನೆಯದು ಸಂಬಳ. ತಿಂಗಳ ಸಂಬಳವನ್ನು ಮುಂದಿನ ತಿಂಗಳ 7ರೊಳಗೆ ಕೊಡಬೇಕು, ಹೆಚ್ಚಿನ ಗಂಟೆಗಳಿಗೆ ದುಪ್ಪಟ್ಟು ದರ ಕೊಡಬೇಕು ಎಂದು ಕಾನೂನೇ ಹೇಳುತ್ತದೆ. ಕ್ರೈಸ್ತ ತತ್ವದ ಮಾತು ಶುರುವಾಗುವುದು ಅದಾದ ಮೇಲೆ. ಹಾಗಾಗಿ ದಿನವೂ ಬಾಗಿಲು ಹಾಕುವ ಮುಂಚೆ 2,600 ಬೇರೆ ತೆಗೆದು ಬೇರೆಯೇ ಖಾತೆಗೆ ಹಾಕಬೇಕು, ಆ ಖಾತೆ ಹೆಂಡತಿಯ ಹೆಸರಿನಲ್ಲಿರಬೇಕು ಎಂದು ಗೊತ್ತಾಯಿತು. ದಿನದಿನವೂ ಸ್ವಲ್ಪ ಎತ್ತಿಡುವುದು ಈ ಕಡೆಯವರಿಗೆ ಹೊಸದಲ್ಲ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಉಡುಪಿಯ ಸಂಸ್ಥೆ 1928ರಲ್ಲಿ ದಿನಕ್ಕೆ ಎರಡಾಣೆಯಂತೆ ಪಿಗ್ಮಿ ಎಂಬ ಠೇವಣಿ ಶುರು ಮಾಡಿದ್ದು ಇಂಥ ಸಣ್ಣ ಗಲ್ಲಗಳನ್ನು ನೋಡಿಯೇ. ಶನಿವಾರ ರಾತ್ರಿ ಇಬ್ಬರೂ ಕೂತು ವಾರದ ಲೆಕ್ಕ ನೋಡಬೇಕು ಎಂಬ ಮಾತೂ ಆಯಿತು. ಅಡ ಇಟ್ಟ ಸರದ ವಿಷಯ ಹೆಂಡತಿಯೇ ಮೊದಲ ಶನಿವಾರ ಹೇಳಿದರು.

ಸಾಲದ ಪುಸ್ತಕದಲ್ಲಿ ಹೆಚ್ಚಿನ ಹೆಸರು ಸಭೆಯವರದ್ದೇ. ಮದುವೆಯ ಕೇಕು, ಬೊಜ್ಜದ (ಉತ್ತರಕ್ರಿಯೆಯ) ಊಟಕ್ಕೆ ಬ್ರೆಡ್, ಕೈಸಾಲ. ಸಹೋದರರಿಗೆ ಕೊಟ್ಟದ್ದನ್ನು ಕೇಳಬಾರದು ಎಂದು ಯಜಮಾನರು ನಂಬಿದ್ದರು. ಪುಸ್ತಕವನ್ನು ಎರಡು ಮಾಡಿ ಎಂದೆ. ನಿಜವಾಗಿ ಕೊಡಲಾಗದವರಿಗೆ, "ಇದು ಮನ್ನಾ, ಇನ್ನು ಯೋಚನೆ ಬೇಡ" ಎಂದು ಬಾಯಿಬಿಟ್ಟು ಹೇಳಿ. ಹೇಳದೆ ಬಿಟ್ಟರೆ ಅವರಿಗೆ ನಿಮ್ಮ ಅಂಗಡಿಯ ಮುಂದೆ ಹಾದುಹೋಗಲೂ ಸಂಕೋಚ. ಕೊಡಬಲ್ಲವರನ್ನು ಕೇಳಿ. ಮತ್ತಾಯ 18ರಲ್ಲಿ ಹೇಳಿದ ಹಾಗೆ, ಮೊದಲು ಒಬ್ಬರೇ ಹೋಗಿ, ಇಬ್ಬರೇ ಇದ್ದಾಗ ಕೇಳಿ.

ಕೆಲಸ ಶುರುವಾಗುವ ಮುಂಚಿನ ಪ್ರಾರ್ಥನೆಯ ವಿಷಯವೂ ಬಂತು. ಕೆಲಸಗಾರರಲ್ಲಿ ಕ್ರೈಸ್ತರು ಒಬ್ಬರೇ. ಉಳಿದವರೂ ನಿಲ್ಲುತ್ತಿದ್ದರು. ಸಂಬಳ ಕೊಡುವವರು ಕರೆದರೆ ಒಲ್ಲೆ ಎನ್ನುವುದು ಕಷ್ಟ. ನೀವಿಬ್ಬರೇ ಕೆಲಸದ ಹೊತ್ತಿಗೆ ಮುಂಚೆ ಪ್ರಾರ್ಥನೆ ಮಾಡಿ, ಯಾರನ್ನೂ ಕರೆಯಬೇಡಿ ಎಂದೆ. ಇದಕ್ಕೆ ಅವರು ತಕ್ಷಣ ಒಪ್ಪಿದರು.

ಇಷ್ಟಾದರೂ ನಿದ್ದೆ ಪೂರ್ತಿ ಮರಳಲಿಲ್ಲ. ಇನ್ನೇನೋ ಇದೆ ಅನ್ನಿಸಿತು. ಒಬ್ಬರೇ ಬಂದ ಒಂದು ದಿನ ಅವರೇ ಹೇಳಿದರು. ಬೇಯುವಾಗ ಹಿಟ್ಟಿನ ತೂಕದಲ್ಲಿ ಹತ್ತನೇ ಒಂದು ಪಾಲಿಗೂ ಹೆಚ್ಚು ಆರಿ ಹೋಗುತ್ತದೆ. 400 ಗ್ರಾಂ ಬ್ರೆಡ್ ಆಗಬೇಕಾದರೆ 450 ಗ್ರಾಂ ಹತ್ತಿರ ಹಿಟ್ಟು ಹಾಕಬೇಕು. ಮೈದಾ ದರ ಏರಿದಾಗ ಅವರು 420 ಹಾಕಲು ಶುರು ಮಾಡಿದ್ದರು. ಕವರಿನ ಮೇಲೆ ಮಾತ್ರ 400 ಗ್ರಾಂ ಹಾಗೇ ಇತ್ತು. "ಎಲ್ಲರೂ ಮಾಡುತ್ತಾರೆ ಅಂತ ಮನಸ್ಸಿಗೆ ಹೇಳಿಕೊಂಡೆ" ಎಂದರು. ಹಿಟ್ಟು ತೂಗುತ್ತಿದ್ದದ್ದು ಆ ಹಿರಿಯ ಕೆಲಸಗಾರರೇ. ಒಮ್ಮೆ ಅವರು ಕೇಳಿದ್ದರಂತೆ, ಇವರು ಗದರಿಸಿದ್ದರಂತೆ.

ಕೂಲಿಯ ಮಾತು ಇರುವ ಯಾಜಕಕಾಂಡ 19ರಲ್ಲೇ ಸರಿಯಾದ ತಕ್ಕಡಿ, ಸರಿಯಾದ ತೂಕದ ಮಾತೂ ಇದೆ. ಅದನ್ನು ನಾನು ನೆನಪಿಸಬೇಕಾಗಲಿಲ್ಲ. ನಾಳೆಯಿಂದಲೇ 450 ಹಾಕಿ, ಬೆಲೆ ಏರಿಸಬೇಕಾದರೆ ಏರಿಸಿ, ಏರಿಸಿದ್ದನ್ನು ಬೋರ್ಡಿನಲ್ಲಿ ಬರೆಯಿರಿ ಎಂದೆ. ಗಿರಾಕಿ ಹೆಚ್ಚು ಬೆಲೆಯನ್ನು ಬೇಡ ಎನ್ನಬಹುದು, ಕಡಿಮೆ ತೂಕವನ್ನು ಬೇಡ ಎನ್ನಲು ಅವರಿಗೆ ಗೊತ್ತೇ ಆಗುವುದಿಲ್ಲ. ಸಭೆಯಲ್ಲಿ ಎದ್ದು ನಿಂತು ತಪ್ಪನ್ನು ಒಪ್ಪಿಕೊಂಡು ಸಾಕ್ಷಿ ಹೇಳಬೇಕು ಎಂದು ಅವರಿಗಿತ್ತು. ಬೇಡ, ಮೊದಲು ತೂಕ ಸರಿ ಮಾಡಿ ಎಂದೆ. ಸಾಕ್ಷಿಗೆ ಮತ್ತೆ ಹೊಗಳಿಕೆ ಬರುತ್ತದೆ, ಆ ಹೊಗಳಿಕೆಯೇ ಅವರನ್ನು ಇಲ್ಲಿಗೆ ತಂದಿತ್ತು.

ಆ ಕೆಲಸಗಾರರ ಮನೆಗೆ ಹೋಗುವ ಮಾತು ಕೊನೆಗೆ ಬಂತು. ಪೂರ್ತಿ ಹಣ ಕೈಯಲ್ಲಿ ಹಿಡಿದೇ ಹೋಗಿ, ಬರಿಗೈಯಲ್ಲಿ ಕ್ಷಮೆ ಕೇಳಲು ಹೋಗಬೇಡಿ ಎಂದೆ. ಎರಡು ತಿಂಗಳ ಸಂಬಳ, ಡಿಸೆಂಬರ್ ರಾತ್ರಿಗಳ ದುಪ್ಪಟ್ಟು ಕೂಲಿ, ಎರಡನ್ನೂ ಬಿಡಿಸಿ ಬರೆದ ಚೀಟಿ. ವಾಪಸ್ ಬನ್ನಿ ಎಂದು ಕೇಳಬಾರದು. ಕ್ಷಮಿಸಿದ್ದೇನೆ ಎಂದು ಅವರ ಬಾಯಿಂದ ಹೇಳಿಸಬಾರದು. ಹಣ ಹೊಂದಿಸಲು ಹಳೆಯ ವ್ಯಾನ್ ಮಾರಿದರು.

ಗಂಡ ಹೆಂಡತಿ ಒಟ್ಟಿಗೆ ಹೋದರು. ಆ ಕೆಲಸಗಾರರು ಎಣಿಸಿ ತೆಗೆದುಕೊಂಡರು. ಅವರ ಹೆಂಡತಿ ಚಹಾ ಕೊಟ್ಟರು. "ಧಣಿ, ತೂಕ ಸರಿ ಮಾಡಿದಿರಾ?" ಎಂದು ಕೆಲಸಗಾರರು ಒಂದೇ ಪ್ರಶ್ನೆ ಕೇಳಿದರಂತೆ. ಈಗ ಅವರು ಬೇರೆ ಬೇಕರಿಯಲ್ಲಿದ್ದಾರೆ, ಮರಳಿ ಬಂದಿಲ್ಲ.

ಬ್ರೆಡ್ಡಿಗೆ ನಾಲ್ಕು ರೂಪಾಯಿ ಏರಿಸಿದ್ದರಿಂದ ಕೆಲವು ಗಿರಾಕಿಗಳು ಪಕ್ಕದ ಅಂಗಡಿಗೆ ಹೋದರು. ಸಂಬಳ ಈಗ ತಿಂಗಳ ಮೊದಲ ವಾರದಲ್ಲೇ ಆಗುತ್ತಿದೆ. ಭಾನುವಾರ ಬಾಗಿಲು ಮುಚ್ಚುವುದನ್ನು ಬಿಟ್ಟಿಲ್ಲ, ಬಿಡಿ ಎಂದು ನಾನೂ ಹೇಳಲಿಲ್ಲ. ಕಾಣಿಕೆ ಇಳಿದದ್ದನ್ನು ಸಭೆಯ ಸಮಿತಿಯಲ್ಲಿ ಒಬ್ಬರು ಚುಚ್ಚಿ ಮಾತಾಡಿದಾಗ ಯಜಮಾನರು ನೊಂದರು, ಆದರೆ ಹೆಚ್ಚಿಸಲಿಲ್ಲ. ಸಾಲದ ಪುಸ್ತಕದಲ್ಲಿ ಒಂದು ದೊಡ್ಡ ಮೊತ್ತ ಅವರ ಸ್ವಂತ ಭಾವನದ್ದು. ಒಬ್ಬರೇ ಹೋಗಿ ಕೇಳಿಯಾಯಿತು, ಉತ್ತರ ಬಂದಿಲ್ಲ. ಮುಂದಿನ ತಿಂಗಳು ಅಯ್ಯನವರನ್ನು ಕರೆದುಕೊಂಡು ಮತ್ತೊಮ್ಮೆ ಹೋಗುತ್ತಾರೆ.