ಇಟಲಿಯಲ್ಲಿ ಮೆಡಿಕಲ್: ತೋಟ ಅಡ ಇಡಬೇಡಿ, ಆಗಸ್ಟ್ 10 ಮರೆಯಬೇಡ

ತಮ್ಮಾ, ನೀಟ್ ಪಾಸಾಗಿದೆ, ಸರ್ಕಾರಿ ಸೀಟಿಗೆ ರ್‍ಯಾಂಕ್ ಸಾಲಲಿಲ್ಲ, ಇಟಲಿಯಲ್ಲಿ ಇಂಗ್ಲಿಷಿನಲ್ಲೇ ಮೆಡಿಕಲ್ ಓದಿದರೆ ಸ್ಕಾಲರ್‌ಶಿಪ್ ನಿಜವಾಗಿ ಸಿಗುತ್ತದಾ, ಇಲ್ಲ ಅಪ್ಪ ಅಡಿಕೆ ತೋಟ ಅಡ ಇಡಬೇಕಾ ಅಂತ ಕೇಳಿದ್ದೀಯ. ಸಿಗುತ್ತದೆ. ತೋಟ ಮುಟ್ಟಬೇಡಿ.

ಪಾವಿಯಾ, ಬೊಲೊನ್ಯಾ, ರೋಮಿನ ಸಪಿಯೆಂಜಾದಂಥ ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ಐಮ್ಯಾಟ್ ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು: 60 ಪ್ರಶ್ನೆ, 100 ನಿಮಿಷ, ಸರಿಗೆ 1.5 ಅಂಕ, ತಪ್ಪಿಗೆ 0.4 ಕಡಿತ. ನೀಟ್‌ಗೆ ಓದಿದವನಿಗೆ ಅದರ ಬಗ್ಗೆ ಹೆಚ್ಚು ಹೇಳಬೇಕಿಲ್ಲ.

ದುಡ್ಡಿನ ವಿಚಾರಕ್ಕೆ ಬರೋಣ. ಇಲ್ಲಿ ಇಟಲಿಯ ಸಂವಿಧಾನದ 34ನೇ ವಿಧಿ, ಕೈಯಲ್ಲಿ ಕಾಸಿಲ್ಲದಿದ್ದರೂ ಅರ್ಹರಿಗೆ ಉನ್ನತ ಶಿಕ್ಷಣದ ಹಕ್ಕಿದೆ ಅನ್ನುತ್ತದೆ. ಆ ಹಕ್ಕಿನಿಂದ ಬಂದದ್ದೇ ಡಿಎಸ್‌ಯು ಸ್ಕಾಲರ್‌ಶಿಪ್. ಅದನ್ನು ಕೊಡುವುದು ಪ್ರಾಂತ್ಯದ ಸಂಸ್ಥೆ: ಪಾವಿಯಾದಲ್ಲಿ ಎದಿಸು, ಬೊಲೊನ್ಯಾದಲ್ಲಿ ಎರ್ಗೊ. ಮೊದಲ ವರ್ಷ ನಿನ್ನ ಅಂಕ ನೋಡುವುದಿಲ್ಲ, ಮನೆಯ ಸ್ಥಿತಿ ನೋಡುತ್ತಾರೆ. ಮನೆಯ ಆದಾಯಕ್ಕೆ ಆಸ್ತಿಯ ಒಂದು ಭಾಗ ಸೇರಿಸಿ, ಕುಟುಂಬದ ಗಾತ್ರಕ್ಕೆ ಹೊಂದಿಸಿ ಲೆಕ್ಕ ಹಾಕುವ ಇಸೆ ಎಂಬ ಅಂಕಿ ಸುಮಾರು 27,000 ಯೂರೋ ಒಳಗಿದ್ದರೆ ಅರ್ಜಿ ಹಾಕಬಹುದು. ಹೊರ ಊರಿನಿಂದ ಬಂದು ಬಾಡಿಗೆಗಿರುವವನಿಗೆ ವರ್ಷಕ್ಕೆ 7,000 ಯೂರೋ ಆಸುಪಾಸು ಬರುತ್ತದೆ, ಕಾಲೇಜು ಫೀಸೂ ಮಾಫಿ. ಹಾಸ್ಟೆಲ್ ರೂಮು ಕೊಟ್ಟರೆ ಅದರ ಬೆಲೆ ಕಳೆಯುತ್ತಾರೆ.

ಲೆಕ್ಕದಲ್ಲಿ ಹೊರದೇಶದ ಸ್ಥಿರಾಸ್ತಿ ಅಂದರೆ ಕಟ್ಟಡ ಮಾತ್ರ, ಚದರ ಮೀಟರಿಗೆ 500 ಯೂರೋ. ನಿಮ್ಮದು 1,200 ಚದರಡಿ ಮನೆಯಾದರೆ ಸುಮಾರು 55,700 ಯೂರೋ. ನಾಲ್ಕು ಜನರ ಸಂಸಾರಕ್ಕೆ ಅದನ್ನು 2.46ರಿಂದ ಭಾಗಿಸುತ್ತಾರೆ, ಹಾಗಾಗಿ ಆ ಒಂದು ಮನೆಯಿಂದ ಅರ್ಜಿ ಬೀಳುವುದಿಲ್ಲ. ತೋಟದ ಜಮೀನು ಆಸ್ತಿಯ ಲೆಕ್ಕಕ್ಕಿಲ್ಲ. ಆದರೆ ಅಡಿಕೆ ಮಾರಿದ ದುಡ್ಡು ಆದಾಯವೇ. ನಮ್ಮಲ್ಲಿ ತೆರಿಗೆ ಇಲ್ಲ ಅಂತ ಬಿಡಬೇಡ.

ಅರ್ಜಿ ಕೆಡುವುದು ಕಾಗದಪತ್ರದಲ್ಲಿ. ನಾಡಕಚೇರಿಯ ಆದಾಯ ಪ್ರಮಾಣಪತ್ರದಲ್ಲಿ ಒಂದೇ ಮೊತ್ತ ಇರುತ್ತದೆ. ಇವರಿಗೆ ಬೇಕಿರುವುದು ಜನವರಿಯಿಂದ ಡಿಸೆಂಬರ್‌ವರೆಗಿನ ಆದಾಯ, ಮನೆಯ ಒಬ್ಬೊಬ್ಬರದೂ ಬೇರೆ ಬೇರೆ. ಅಮ್ಮನಿಗೆ ಆದಾಯವಿಲ್ಲದಿದ್ದರೆ ಅದಕ್ಕೂ ಪತ್ರ ಬೇಕು. ಡಿಸೆಂಬರ್ 31ರಂದು ಬ್ಯಾಂಕಿನಲ್ಲಿ ಎಷ್ಟಿತ್ತು ಎಂಬುದೂ ಬೇಕು. ಕುಟುಂಬದ ಪತ್ರ ಅಂತ ವಂಶವೃಕ್ಷ ಮಾಡಿಸಿಬಿಡಬೇಡ. ಅದರಲ್ಲಿ ದೊಡ್ಡಪ್ಪ, ಚಿಕ್ಕಪ್ಪ ಎಲ್ಲ ಬರುತ್ತಾರೆ, ಆಮೇಲೆ ಅವರ ಆದಾಯ ಎಲ್ಲಿ ಅನ್ನುತ್ತಾರೆ. ಒಂದೇ ಸೂರಿನಡಿ ಇರುವವರ ಹೆಸರಷ್ಟೇ ಇರಲಿ. ಮೊದಲು ರಾಜ್ಯ ಸರ್ಕಾರದ ದೃಢೀಕರಣ, ನಂತರ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ (ಪತ್ರ ಹೊರದೇಶದಲ್ಲೂ ನಡೆಯಲು ಹಾಕುವ ಮುದ್ರೆ), ಜೊತೆಗೆ ಇಟಾಲಿಯನ್ ಅನುವಾದ. ಬರೀ ನೋಟರಿ ನಡೆಯದು. ಅರ್ಜಿಯ ಕೊನೆ ದಿನ ಬಹಳ ಕಡೆ ಐಮ್ಯಾಟ್ ಫಲಿತಾಂಶಕ್ಕೂ ಮೊದಲೇ ಬಂದುಬಿಡುತ್ತದೆ, ಸೀಟು ಸಿಕ್ಕ ಮೇಲೆ ನೋಡೋಣ ಅಂದುಕೊಳ್ಳಬೇಡ.

ಇನ್ನು ಆಗಸ್ಟ್ 10. ನಾನು ಬಂದಿಳಿದ ವರ್ಷ ಈ ತಾರೀಖು ನನಗೆ ಯಾರೂ ಹೇಳಲಿಲ್ಲ, ಆ ಸಂಕಟ ಇನ್ನೂ ಹೋಗಿಲ್ಲ. ಪ್ರತಿ ವಿಷಯ ಪಾಸಾದಾಗ ಇಷ್ಟು ಅಂತ ಕ್ರೆಡಿಟ್ ಸಿಗುತ್ತದೆ; ಮೊದಲ ವರ್ಷದ ಆಗಸ್ಟ್ 10ರೊಳಗೆ 20 ಕ್ರೆಡಿಟ್ ಆಗದಿದ್ದರೆ ಎರಡನೇ ಕಂತು ಬರುವುದಿಲ್ಲ. ನವೆಂಬರ್ 30ಕ್ಕೂ ಆಗದಿದ್ದರೆ ಸ್ಕಾಲರ್‌ಶಿಪ್ಪೇ ರದ್ದು, ತೆಗೆದುಕೊಂಡ ದುಡ್ಡು ವಾಪಸ್ ಕಟ್ಟಬೇಕು. ಎರಡನೇ ವರ್ಷದ ಸ್ಕಾಲರ್‌ಶಿಪ್‌ಗೆ ಒಟ್ಟು 25 ಕ್ರೆಡಿಟ್ ಬೇಕು, ಮೂರನೆಯದಕ್ಕೆ 80, ನಾಲ್ಕನೆಯದಕ್ಕೆ 135.

ಊರಿನಲ್ಲಿ ಪರೀಕ್ಷೆಯ ದಿನ ಬೋರ್ಡು ಹೇಳುತ್ತದೆ. ಇಲ್ಲಿ ತಾರೀಖು ನೀನೇ ಆರಿಸಿ ಹೆಸರು ಕೊಡಬೇಕು. ಸೆಪ್ಟೆಂಬರ್ ಪರೀಕ್ಷೆ ಇದೆಯಲ್ಲ ಎಂದು ಕೂತರೆ ಆಗಸ್ಟ್ ದಾಟಿರುತ್ತದೆ, ಕೈಯಲ್ಲಿರುವುದು ಜನವರಿ–ಫೆಬ್ರವರಿ ಮತ್ತು ಜೂನ್–ಜುಲೈ ಅಷ್ಟೇ. ಅನಾಟಮಿಯನ್ನು ನಂಬಬೇಡ, ದೊಡ್ಡ ವಿಷಯ, ಬಹಳ ಕಡೆ ವರ್ಷಪೂರ್ತಿ ನಡೆಯುತ್ತದೆ. ಚಳಿಗಾಲದಲ್ಲೇ ಎರಡು ವಿಷಯ ಮುಗಿಸು. ಅಂಕ 30ಕ್ಕೆ, 18 ಬಂದರೆ ಪಾಸು. ಕಡಿಮೆ ಬಂತು ಅಂತ ಅಂಕ ನಿರಾಕರಿಸಿ ಮತ್ತೆ ಬರೆಯಲು ಬಿಡುತ್ತಾರೆ, ರ್‍ಯಾಂಕ್ ತೆಗೆದ ಮಕ್ಕಳು ಎಡವುವುದು ಅಲ್ಲೇ. 20 ಕ್ರೆಡಿಟ್ ಆಗುವ ತನಕ 18 ಕೊಟ್ಟರೂ ಒಪ್ಪಿಕೋ.

ವಾಪಸ್ ಊರಿಗೇ ಬಂದು ಪ್ರಾಕ್ಟೀಸ್ ಮಾಡುವ ಆಸೆಯಿದ್ದರೆ ಹೊರಡುವ ಮೊದಲೇ ಯೋಚಿಸು. ನಮ್ಮ ದೇಶದ ರಾಷ್ಟ್ರೀಯ ವೈದ್ಯಕೀಯ ಆಯೋಗದ (ಎನ್‌ಎಂಸಿ) 2021ರ ನಿಯಮ 54 ತಿಂಗಳ ಕೋರ್ಸ್ ಜೊತೆ ಅದೇ ವಿದೇಶಿ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್ ಕೇಳುತ್ತದೆ. ಇಲ್ಲಿ ಆರು ವರ್ಷದ ಒಳಗೇ ಸೇರಿಕೊಂಡಿರುವ ಲೈಸೆನ್ಸ್ ತರಬೇತಿ ಮೂರು ತಿಂಗಳದ್ದು. ಕಾಲೇಜಿನಿಂದಲೂ ಎನ್‌ಎಂಸಿಯಿಂದಲೂ ಬರಹದಲ್ಲಿ ಉತ್ತರ ತರಿಸಿಕೋ.

ಮೊದಲ ಕಂತು ಡಿಸೆಂಬರ್ ಹೊತ್ತಿಗೆ ಬರುತ್ತದೆ, ತಡವೂ ಆಗಬಹುದು. ಅಲ್ಲಿಯವರೆಗಿನ ಬಾಡಿಗೆ, ಅಡ್ವಾನ್ಸು, ಊಟಕ್ಕೆ ಬ್ಯಾಂಕಿನ ಶಿಕ್ಷಣ ಸಾಲ ಸಾಕು. 7.5 ಲಕ್ಷದವರೆಗೆ ಆಸ್ತಿ ಅಡ ಕೇಳುವುದಿಲ್ಲ, 4 ಲಕ್ಷ ದಾಟಿದರೆ ವಿದೇಶದ ಓದಿಗೆ ಶೇ 15 ನಿಮ್ಮ ಕೈಯಿಂದ ಹಾಕಬೇಕು. ಮಂಜೂರಾದದ್ದನ್ನೆಲ್ಲ ಒಮ್ಮೆಗೇ ಎಳೆಯಬೇಡ, ಎಳೆದಷ್ಟಕ್ಕೇ ಬಡ್ಡಿ. ಬ್ಯಾಂಕಿನವರು ಕೃಷಿ ಜಮೀನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಒಪ್ಪುವವರು ಕೈಸಾಲದವರು, ಅವರ ಮನೆ ಬಾಗಿಲಿಗೆ ಅಪ್ಪನನ್ನು ಕಳಿಸಬೇಡ.